ಹುಂಜದ ಹತ್ತಿರ ಎಡಕ್ಕೆ

ಜೂನ್ 3, ಸೋಮವಾರ

ಹೊಸ ಆಸ್ಪತ್ರೆಯ ಕಲಾ ಸಮಿತಿಯ ಮೊದಲ ಸಭೆ ಮುಗಿಯಿತು. ಹಳೆ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಆರು ಕಟ್ಟಡಗಳು ಏಳುತ್ತಿವೆ. ಅವುಗಳ ಅಂಗಳ, ಗೋಡೆ, ದಾರಿಗಳಲ್ಲಿ ಯಾವ ಕಲಾಕೃತಿ ಎಲ್ಲಿರಬೇಕು ಎಂದು ಯೋಜಿಸುವ ಹೊಣೆ ನನ್ನದು. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಶಿಲ್ಪ ಕಲಿಸಿದ ಮೇಲೆ ಕೊನೆಗೂ ಯಾರೋ ನನಗೊಂದು ಬಯಲು ಕೊಟ್ಟಿದ್ದಾರೆ. ಮುಖ್ಯದ್ವಾರದ ಎದುರಿಗೆ ಹನ್ನೆರಡು ಅಡಿಯ ಕಪ್ಪುಕಲ್ಲಿನ ಬೊಗಸೆ, ಬೆರಳ ಸಂದಿಯಿಂದ ತೊಟ್ಟಿಕ್ಕುವ ನೀರು. ಹನ್ನೊಂದು ವರ್ಷದಿಂದ ಈ ಬೊಗಸೆ ನಕ್ಷೆಯಾಗಿ ನನ್ನ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಇವತ್ತು ಮೇಜಿನ ಮೇಲೆ ಬಿಚ್ಚಿ ಹರಡಿದಾಗ ನಿರ್ದೇಶಕರು ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು. ಒಳ್ಳೆಯ ಲಕ್ಷಣ.

ಸಭೆ ಮುಗಿಸಿ ನಾಲ್ಕನೇ ವಾರ್ಡಿಗೆ ಹೋಗಿ ಅಣ್ಣನನ್ನು ನೋಡಿ ಬಂದೆ. ಪಾರ್ಶ್ವವಾಯು ಬಡಿದು ಇವತ್ತಿಗೆ ಹದಿನೆಂಟು ದಿನ. ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತಾನೆ, ಮಾತು ಹೋಗಿದೆ. ಪೂರ್ತಿ ಹೋಗಿಲ್ಲ, ಒಂದು ಉಳಿದಿದೆ: ನಾಳೆ. ನೀರು ಬೇಕಾದರೂ ನಾಳೆ, ಫ್ಯಾನು ಹಾಕಬೇಕಾದರೂ ನಾಳೆ, ನನ್ನನ್ನು ಕಂಡರೂ ನಾಳೆ. ಅತ್ತಿಗೆ ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. "ಮೂವತ್ತೈದು ವರ್ಷ ಬೋರ್ಡ್ ಕೇಳ್ಕೊಂಡು ಬಂದೋರಿಗೆಲ್ಲ ಹೇಳಿದ್ದು ಅದೊಂದೇ ಮಾತು. ಉಳ್ಕೊಂಡಿರೋದೂ ಅದೇ," ಎಂದರು. ಪಕ್ಕದ ಹಾಸಿಗೆಯವರು ನಕ್ಕರು. ಅಣ್ಣನೂ ತುಟಿಯ ಒಂದು ಬದಿಯಲ್ಲಿ ನಕ್ಕಂತೆ ಕಂಡಿತು.

ಅಂಗಡಿ ಬೀದಿಯವರಿಗೆಲ್ಲ ಅವನು ಬೋರ್ಡಣ್ಣ. ಅವನು ಬರೆದ ಬೋರ್ಡಿಲ್ಲದ ಅಂಗಡಿ ಆ ಬೀದಿಯಲ್ಲಿಲ್ಲ. ವಾರ್ಡಿನಿಂದ ವಾಪಸು ಬರುವಾಗ ನಿರ್ದೇಶಕರು ಎದುರಾದರು. ಯಾರಾದರೂ ಅಡ್ಮಿಟ್ ಆಗಿದ್ದಾರಾ ಎಂದು ಕೇಳಿದರು. ಸಂಬಂಧಿಕರೊಬ್ಬರು ಅಂದೆ.

ಜೂನ್ 11, ಮಂಗಳವಾರ

ಅಣ್ಣ ಇವತ್ತು ಕಳೆದುಹೋಗಿದ್ದ.

ಅತ್ತಿಗೆ ಔಷಧಿಯ ಸಾಲಿನಲ್ಲಿ ನಿಂತಿದ್ದರು. ಕೋಲು ಹಿಡಿದು ನಡೆಯುತ್ತಾನಲ್ಲ, ಅಭ್ಯಾಸವಾಗಲಿ ಎಂದು ಫಿಸಿಯೋಥೆರಪಿಯವರು ಅವನೊಬ್ಬನನ್ನೇ ವಾರ್ಡಿಗೆ ಕಳಿಸಿದ್ದಾರೆ. ಬೋರ್ಡಿದೆ, ನೋಡ್ಕೊಂಡು ಹೋಗಿ ಅಂದರಂತೆ. ಮುಕ್ಕಾಲು ಗಂಟೆಯಾದರೂ ಆಳು ಪತ್ತೆಯಿಲ್ಲ. ಲಿಫ್ಟು, ಕ್ಯಾಂಟೀನು, ಗೇಟು ಎಲ್ಲ ಜಾಲಾಡಿದೆವು. ಕೊನೆಗೆ ನನಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಯ ಪಕ್ಕದ ಓಣಿಯಲ್ಲಿ, ಒಂದು ತಗಡಿನ ಬೋರ್ಡಿನ ಮುಂದೆ.

ನೀಲಿ ಹಿನ್ನೆಲೆಗೆ ಬಿಳಿ ಅಕ್ಷರ, ಐದು ಸಾಲು, ಒಂದೊಂದಕ್ಕೂ ಒಂದೊಂದು ದಿಕ್ಕಿನ ಬಾಣ. ಬರೆದವನು ಅವನೇ. ಕೆಳಗೆ ಹೆಸರಿಲ್ಲದಿದ್ದರೂ 'ಲ'ದ ಬಾಲವನ್ನು ಹಾಗೆ ಮೇಲಕ್ಕೆ ಎಳೆಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಅಣ್ಣ ಎಡಗೈ ಬೆರಳಿನಿಂದ ಅದೇ 'ಲ'ವನ್ನು ತಿದ್ದುತ್ತಿದ್ದ. ಎಲ್ಲಿ ಶುರುಮಾಡಬೇಕೋ ಅಲ್ಲೇ ಶುರು, ಎಲ್ಲಿ ಒತ್ತಬೇಕೋ ಅಲ್ಲೇ ಒತ್ತು. ಓದಣ್ಣ ಅಂದೆ. ಬೋರ್ಡು ನೋಡಿದ, ನನ್ನ ಮುಖ ನೋಡಿದ, ಮತ್ತೆ ಬೋರ್ಡು ನೋಡಿದ. ಅವನ ಕುತ್ತಿಗೆಯೆಲ್ಲ ಬೆವರಿತ್ತು.

ಡಾಕ್ಟರನ್ನು ಕೇಳಿದೆ. ಕಣ್ಣಿಗೆ ಏನೂ ಆಗಿಲ್ಲವಂತೆ. ಕಣ್ಣಿನಿಂದ ಅಕ್ಷರಕ್ಕೆ ಹೋಗುವ ದಾರಿ ಮಿದುಳಿನಲ್ಲಿ ಕಡಿದುಹೋಗಿದೆಯಂತೆ. ಮತ್ತೆ ಬರಬಹುದು, ಬರದೆಯೂ ಇರಬಹುದು.

ಜೂನ್ 12, ಬುಧವಾರ

ವಾರ್ಡಿನ ಹಿರಿಯ ನರ್ಸ್ ಜೊತೆ ಜಗಳ ತೆಗೆದೆ. ಮಾತು ಬಾರದ ರೋಗಿಯನ್ನು ಒಬ್ಬನೇ ಕಳಿಸಿದ್ದು ಯಾರ ಬುದ್ಧಿ ಎಂದು ಏರುದನಿಯಲ್ಲೇ ಕೇಳಿದೆ. ಆಕೆ ಕೂಗಾಡಲಿಲ್ಲ. ತಪ್ಪಾಯಿತು ಅಂದರು. ಆಮೇಲೆ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಹತ್ತು ನಿಮಿಷ ಇಲ್ಲೇ ನಿಂತು ನೋಡಿ ಅಂದರು. ಹತ್ತು ನಿಮಿಷದಲ್ಲಿ ಏಳು ಜನ ದಾರಿ ಕೇಳಿದರು. ಏಳನೆಯವರು ಕೋಟು ಹಾಕಿಕೊಂಡಿದ್ದ ವಕೀಲರು, ತಲೆಯ ಮೇಲೇ ಬೋರ್ಡಿತ್ತು.

"ಓದೋಕೆ ಬರದೇ ಇರೋರು ಮಾತ್ರ ಅಲ್ಲ ಮೇಡಂ. ಹೆದರಿದೋರಿಗೆ ಅಕ್ಷರ ಕಾಣ್ಸಲ್ಲ," ಎಂದರು.

ಇರಬಹುದು. ಆದರೆ ಅದು ಬೋರ್ಡು ಹಾಕುವ ವಿಭಾಗದವರ ತಲೆನೋವು, ಕಲಾ ಸಮಿತಿಯದಲ್ಲ.

ಜೂನ್ 20, ಗುರುವಾರ

ಬೊಗಸೆಗೆ ಒಪ್ಪಿಗೆ ಸಿಕ್ಕಿತು! ಒಬ್ಬರೂ ತಕರಾರು ಎತ್ತಲಿಲ್ಲ. ಕಲ್ಲು ನೋಡಲು ಮುಂದಿನ ತಿಂಗಳು ಹೋಗಬೇಕು.

ಅಣ್ಣನಿಗೆ ನಕ್ಷೆ ತೋರಿಸಿದೆ. ಬಹಳ ಹೊತ್ತು ನೋಡಿದ. ಎಡಗೈಯನ್ನು ಬೊಗಸೆಯಂತೆ ಮಾಡಿ, ಬಲಗೈಯನ್ನು ಅದರ ಪಕ್ಕಕ್ಕೆ ತರಲು ಹೋದ. ಅದು ಬರಲಿಲ್ಲ. ನಾನು ನಕ್ಷೆ ಸುತ್ತಿಟ್ಟೆ.

ಜೂನ್ 27, ಗುರುವಾರ

ಮಾತು ಕಲಿಸುವ ಚಿಕಿತ್ಸಕಿ ಇವತ್ತು ಚಿತ್ರದ ಕಾರ್ಡುಗಳನ್ನು ತಂದಿದ್ದರು. ಹುಂಜ ಯಾವುದು ಅಂದರೆ ಅಣ್ಣ ಹುಂಜಕ್ಕೇ ಬೆರಳಿಟ್ಟ. ಕೆಟಲ್, ಕೊಡೆ, ಏಣಿ, ಒಂದೂ ತಪ್ಪಲಿಲ್ಲ. ಹೆಸರು ಹೇಳಲಾರ, ಗುರುತು ಹಿಡಿಯಬಲ್ಲ.

ನನಗೆ ಏನನ್ನಿಸಿತೋ, ಕಾಗದದ ಮೇಲೆ ಒಂದು ಹುಂಜ, ಒಂದು ಕೆಟಲ್, ಒಂದು ಕೊಡೆ ಬರೆದು ಫಿಸಿಯೋಥೆರಪಿಯಿಂದ ವಾರ್ಡಿನವರೆಗಿನ ಮೂರು ತಿರುವುಗಳಲ್ಲಿ ಅಂಟಿಸಿದೆ. ಅಣ್ಣನ ಕೈಗೆ ಅದೇ ಮೂರು ಚಿತ್ರಗಳ ಚೀಟಿ ಕೊಟ್ಟೆ. ನಾನೂ ಅತ್ತಿಗೆಯೂ ಇಪ್ಪತ್ತು ಹೆಜ್ಜೆ ಹಿಂದೆ, ಕಳ್ಳರ ಹಾಗೆ. ಹುಂಜದ ಹತ್ತಿರ ನಿಂತ, ಚೀಟಿ ನೋಡಿದ, ಎಡಕ್ಕೆ ತಿರುಗಿದ. ಕೆಟಲ್ ಹತ್ತಿರ ನಿಲ್ಲಲೂ ಇಲ್ಲ. ತನ್ನ ಹಾಸಿಗೆಯಲ್ಲಿ ಕೂತ ಮೇಲೆ ಹಿಂದೆ ತಿರುಗಿ, ನಾವು ಬರುತ್ತಿದ್ದದ್ದು ಗೊತ್ತೇ ಇತ್ತು ಅನ್ನುವ ಹಾಗೆ ನೋಡಿದ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಖೆ ಅಂದರು.

ಜೂನ್ 29, ಶನಿವಾರ

ಬೆಳಗ್ಗೆ ಒಳಗೆ ಬರುವಾಗ ಕಾವಲಿನವರು ಒಬ್ಬ ಮುದುಕಿಗೆ ಹೇಳುತ್ತಿದ್ದರು: "ಎಕ್ಸ್‌ರೇ ಅಲ್ವಾ? ಸೀದಾ ಹೋಗಿ, ಹುಂಜದ ಹತ್ರ ಎಡಕ್ಕೆ." ಮುದುಕಿ ಮತ್ತೊಮ್ಮೆ ಕೇಳದೆ ಹೊರಟಳು. ಎರಡೇ ದಿನಕ್ಕೆ ನನ್ನ ಹುಂಜ ಸರ್ಕಾರಿ ನೌಕರಿಗೆ ಸೇರಿದೆ.

ಆದರೆ ಅಣ್ಣನಿಗೆ ಆ ಹುಂಜ ಹಿಡಿಸಿಲ್ಲ. ಇವತ್ತು ಅದರ ಮುಂದೆ ನಿಂತು ತಲೆಯಾಡಿಸಿದ. ನನ್ನ ಜೇಬಿನಿಂದ ಪೆನ್ಸಿಲ್ ಕಿತ್ತುಕೊಂಡು ಎಡಗೈಯಲ್ಲಿ ನಾನು ಬರೆದಿದ್ದ ಗರಿಗಳನ್ನೆಲ್ಲ ಗೀಚಿ ಅಳಿಸಿದ. ನಾನು ಅಷ್ಟು ಆಸ್ಥೆಯಿಂದ ಬರೆದಿದ್ದ ಗರಿಗಳು. ಜುಟ್ಟು, ಎದೆ, ಬಾಲ, ಮೂರೇ ಮೂರು ದಪ್ಪ ಗೆರೆ ಎಳೆದ. ಗೆರೆ ನಡುಗುತ್ತಿತ್ತು, ಆಕಾರ ನಡುಗಲಿಲ್ಲ. ಆಮೇಲೆ ನನ್ನ ಹೆಗಲು ಹಿಡಿದು ಓಣಿಯ ಆ ತುದಿಗೆ ನೂಕಿದ. ಅಲ್ಲಿಂದ ನೋಡಿದೆ. ನನ್ನ ಕೊಡೆ ಅಲ್ಲಿಂದ ಒಂದು ಮಸಿ ಮಚ್ಚೆ. ಹುಂಜ ಹುಂಜವೇ.

ಹೈಸ್ಕೂಲಿನಲ್ಲಿದ್ದಾಗ ಅವನ ಏಣಿ ಹಿಡಿದುಕೊಳ್ಳುವುದು ನನ್ನ ಕೆಲಸವಾಗಿತ್ತು. ಬೋರ್ಡು ಮುಗಿದ ಮೇಲೆ ನನ್ನನ್ನು ರಸ್ತೆಯಾಚೆ ಕಳಿಸಿ, ಬಸ್ಸು ಬಂದಾಗ ಹತ್ತಿಸಿ, ಓಡುವ ಬಸ್ಸಿನಿಂದ ಓದಲಾಗುತ್ತದೋ ಇಲ್ಲವೋ ಎಂದು ನೋಡಿ ಬರಲು ಹೇಳುತ್ತಿದ್ದ. ಮುಂದಿನ ನಿಲ್ದಾಣದಿಂದ ನಡೆದು ವಾಪಸು ಬರುತ್ತಿದ್ದೆ. ಇದನ್ನು ನಾನು ಯಾವ ಸಂದರ್ಶನದಲ್ಲೂ ಹೇಳಿಲ್ಲ. ಕೇಳಿದವರೂ ಇಲ್ಲ.

ಜುಲೈ 9, ಮಂಗಳವಾರ

ಸಭೆಯಲ್ಲಿ ಬೊಗಸೆಯ ಜೊತೆಗೆ ಇದನ್ನೂ ಮುಂದಿಟ್ಟೆ. ಹೊಸ ಆವರಣದ ಪ್ರತಿ ಕಟ್ಟಡಕ್ಕೆ, ಪ್ರತಿ ಮುಖ್ಯ ತಿರುವಿಗೆ ಒಂದೊಂದು ದೊಡ್ಡ ಚಿತ್ರ, ಹೆಂಚಿನಷ್ಟು ಗಟ್ಟಿಯಾದ ಬಣ್ಣದ ಬಿಲ್ಲೆಗಳಲ್ಲಿ. ಜನ ಚಿತ್ರದಿಂದ ಚಿತ್ರಕ್ಕೆ ನಡೆಯುತ್ತಾ ತಲುಪಬೇಕಾದಲ್ಲಿಗೆ ತಲುಪಬೇಕು. ನಿರ್ದೇಶಕರು ಎರಡಕ್ಕೂ ಸಮಯವಿಲ್ಲ, ಒಂದನ್ನು ಆರಿಸಿಕೊಳ್ಳಿ ಅಂದರು. ಅಷ್ಟರಲ್ಲಿ ಸಮಿತಿಯ ಹಿರಿಯ ಕಲಾ ವಿಮರ್ಶಕರು ಮೃದುವಾಗಿ ಕೇಳಿದರು: "ಇದು ಬೋರ್ಡ್ ಬರೆಯೋರ ಕೆಲಸ ಅಲ್ವಾ? ನಿಮ್ಮಂಥೋರು ಯಾಕೆ?"

ಹೌದು ಅಂದೆನೋ ಏನೋ. ಏನಂದೆ ಎಂದು ನೆನಪಿಲ್ಲ. ಚಹಾ ಆರಿಹೋಗಿತ್ತು, ಅದನ್ನೇ ಕುಡಿದೆ.

ಜುಲೈ 10, ಬುಧವಾರ

ನಿನ್ನೆಯ ವಿಷಯ ಅತ್ತಿಗೆಗೆ ಹೇಳಿದೆ. ವಿಮರ್ಶಕರನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಣ್ಣನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು, ಈಗ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಆಗುವಂಥ ದೊಡ್ಡ ಗುಂಡಿ. ತಲೆಯೆತ್ತದೆ ಕೇಳಿದರು: "ನಿಮ್ಮಣ್ಣ ಇಲ್ಲಿ ಮಲಗಿರೋದು ನಿನ್ನ ಕಮಿಟಿಯೋರಿಗೆ ಗೊತ್ತಾ?"

ನಾನು ದಾರದುಂಡೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

"ನಿನ್ನ ಮೊದಲನೇ ಪ್ರದರ್ಶನಕ್ಕೆ ಹೊಸ ಶರ್ಟ್ ಹೊಲಿಸ್ಕೊಂಡು ಬಂದಿದ್ರು. ಯಾರೋ ಕೇಳಿದ್ದಕ್ಕೆ ನೀನು ಊರ ಕಡೆಯೋರು ಅಂದೆ. ಅವರಿಗೆ ಕೇಳಿಸ್ತು. ಮನೆಗೆ ಬಂದು ಅವಳು ಕೆಲಸದ ಗಡಿಬಿಡೀಲಿದ್ಲು ಅಂದ್ರು. ಅಷ್ಟೆ, ಇನ್ಯಾವತ್ತೂ ಆ ಮಾತು ಎತ್ತಲಿಲ್ಲ."

ಹಲ್ಲಿನಲ್ಲಿ ದಾರ ಕಡಿದು ಅಂಗಿ ಮಡಿಸಿಟ್ಟರು. ಕೋಪವಿದ್ದಿದ್ದರೆ ಚೆನ್ನಾಗಿತ್ತು. ಕೋಪವೂ ಇರಲಿಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು.

ಜುಲೈ 12, ಶುಕ್ರವಾರ

ಏನೂ ಬರೆಯುವ ಮನಸ್ಸಿಲ್ಲ.

ಜುಲೈ 16, ಮಂಗಳವಾರ

ಬೊಗಸೆಯನ್ನು ವಾಪಸು ತೆಗೆದುಕೊಂಡೆ. ದೊಡ್ಡ ತ್ಯಾಗದ ಭಾಷಣವೇನೂ ಮಾಡಲಿಲ್ಲ, ಮಾಡಿದ್ದರೆ ನನಗೇ ನಗು ಬರುತ್ತಿತ್ತು. ದ್ವಾರದ ಎದುರಿಗೆ ಹನ್ನೆರಡು ಅಡಿಯ ಕಲ್ಲು ನಿಲ್ಲಿಸಿದರೆ ಆಂಬ್ಯುಲೆನ್ಸ್ ಅದನ್ನು ಸುತ್ತು ಹಾಕಿಕೊಂಡು ಹೋಗಬೇಕಾಗುತ್ತದೆ ಅಂದೆ. ಅದು ನಿಜವೂ ಹೌದು. ಆಮೇಲೆ ವಿಮರ್ಶಕರ ಕಡೆಗೆ ತಿರುಗಿ, ಹೌದು ಸರ್, ಇದು ಬೋರ್ಡ್ ಬರೆಯುವವರ ಕೆಲಸವೇ, ನಾಲ್ಕನೇ ವಾರ್ಡಿನಲ್ಲಿ ಒಬ್ಬರಿದ್ದಾರೆ, ನನ್ನಣ್ಣ, ಅವನನ್ನು ಕೇಳಿಕೊಂಡು ಮಾಡುತ್ತೇನೆ ಅಂದೆ. ವಿಮರ್ಶಕರು ಕನ್ನಡಕ ಒರೆಸಿದರು. ನಿರ್ದೇಶಕರು, ಮೊದಲು ಹಳೆ ಕಟ್ಟಡದಲ್ಲಿ ಕಾಗದದ ಮೇಲೆ ಮಾಡಿ ತೋರಿಸಿ, ಜನ ಹೇಗೆ ನಡೀತಾರೆ ನೋಡೋಣ ಅಂದರು.

ಮನೆಗೆ ಬಂದು ಬೊಗಸೆಯ ಸುರುಳಿಯನ್ನು ಮತ್ತೆ ಕಪಾಟಿನೊಳಗಿಟ್ಟೆ. ಸ್ವಲ್ಪ ಅತ್ತೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಜುಲೈ 26, ಶುಕ್ರವಾರ

ಅಣ್ಣ ಮನೆಗೆ ಹೋಗಿ ಒಂದು ವಾರವಾಯಿತು. ಚಿಕಿತ್ಸೆಗೆಂದು ವಾರಕ್ಕೆ ಮೂರು ದಿನ ಬರುತ್ತಾನೆ, ಬಂದ ದಿನವೆಲ್ಲ ನಾವು ಕೆಲಸ ಮಾಡುತ್ತೇವೆ. ನಾನು ಬರೆಯುತ್ತೇನೆ, ಅವನು ಅಳಿಸುತ್ತಾನೆ. ಹನ್ನೊಂದು ಚಿತ್ರ ಅಂಟಿಸಿ ಒಂದು ವಾರ ನೋಡಿದೆವು. ನರ್ಸ್ ಹೇಳುವ ಪ್ರಕಾರ ದಾರಿ ಕೇಳುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ.

ಒಂದು ಚಿತ್ರ ಸೋತಿತು, ಅದು ನನ್ನದು. ಶ್ವಾಸಕೋಶದ ವಿಭಾಗಕ್ಕೆಂದು ಉಸಿರಿನ ಅಲೆಯನ್ನು ಬಹಳ ಯೋಚಿಸಿ ಬರೆದಿದ್ದೆ. ಅಣ್ಣ ಮೊದಲ ದಿನವೇ ಅದನ್ನು ಪಕ್ಕಕ್ಕೆ ಸರಿಸಿದ್ದ, ನಾನು ಹಟ ಹಿಡಿದು ಅಂಟಿಸಿದೆ. ಈಗ ಆ ಓಣಿಗೆ ಹೂಕೋಸಿನ ಓಣಿ ಎಂದು ಹೆಸರು ಬಿದ್ದಿದೆ. ಸರಿ, ಹೂಕೋಸನ್ನೇ ಚೆನ್ನಾಗಿ ಬರೆಯೋಣ ಅಂದೆ. ಅಣ್ಣ ನಕ್ಕ ನಗುವಿಗೆ ಫಿಸಿಯೋಥೆರಪಿಯವರು ಇಣುಕಿ ನೋಡಿದರು.

ಆಗಸ್ಟ್ 8, ಗುರುವಾರ

ಒಪ್ಪಿಗೆ ಸಿಕ್ಕಿತು. ಇವತ್ತು ಹೊಸ ಕಟ್ಟಡದ ಹಸಿ ಗೋಡೆಗಳ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆದೆವು. ಬಾಗಿಲಿಲ್ಲ, ಕಿಟಕಿಯಿಲ್ಲ, ಎಲ್ಲೆಲ್ಲೂ ಸಿಮೆಂಟಿನ ಧೂಳು. ಅಣ್ಣ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೋಲಿನಿಂದ ಮೇಲೆ, ಕೆಳಗೆ, ಇನ್ನೂ ಮೇಲೆ ಎಂದು ತೋರಿಸುತ್ತಿದ್ದ. ನಾನು ಏಣಿಯ ಮೇಲೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಗಾರೆಯವರು ಒಬ್ಬರಿಗೊಬ್ಬರು, ಮರಳನ್ನ ಏಣಿ ಹತ್ರ ಹಾಕು, ಏ ಆ ಏಣಿ ಅಲ್ಲ, ಗೋಡೆ ಮೇಲಿನ ಏಣಿ ಎಂದು ಕೂಗಾಡುತ್ತಿದ್ದರು.

ಅಣ್ಣನಿಗೆ ಈಗ ಇನ್ನೂ ನಾಲ್ಕೈದು ಮಾತು ಬಂದಿವೆ. ಬೇಡ, ಸಾಕು, ಅಯ್ಯೋ. ನನ್ನ ಕೆಲಸಕ್ಕೆ ಇಷ್ಟು ಸಾಕು.

ಆಗಸ್ಟ್ 20, ಮಂಗಳವಾರ

ಪಟ್ಟಿಯಲ್ಲಿ ಒಂದೇ ಒಂದು ಗೋಡೆ ಉಳಿದಿದೆ: ಹಿಂಬದಿಯ ಕಟ್ಟಡದ ನೆಲಮಾಳಿಗೆ, ಶವಾಗಾರದ ಎದುರಿನದು. ನಿರ್ದೇಶಕರು ಬಿಳಿ ಬಣ್ಣ ಬಳಿದು ಬಿಟ್ಟುಬಿಡಿ, ಅಲ್ಲಿಗೆ ಕಲೆ ಯಾಕೆ ಅಂದರು. ನನಗೂ ಅದೇ ಸರಿ ಅನ್ನಿಸಿತ್ತು.

ಹಳೆ ಶವಾಗಾರವನ್ನು ನೋಡಿಕೊಳ್ಳುವ ಅಟೆಂಡರ್ ಹತ್ತಿರ ಹೋಗಿ ಮಾತಾಡಿದೆ. ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದಾರೆ, ಮೆತ್ತಗಿನ ದನಿ. ಕಾಗದಪತ್ರ ಆಗುವವರೆಗೂ ಮನೆಯವರು ಎರಡು ಗಂಟೆ, ಕೆಲವೊಮ್ಮೆ ಅರ್ಧ ದಿನ ಅಲ್ಲೇ ಇರುತ್ತಾರಂತೆ. "ಒಬ್ರ ಮುಖ ಒಬ್ರು ನೋಡಲ್ಲಮ್ಮ. ಗೋಡೆ ನೋಡ್ಕೊಂಡೇ ನಿಂತಿರ್ತಾರೆ. ಏನಾದ್ರೂ ಮಾಡಿ ಅಲ್ಲಿ," ಎಂದರು.

ಆಗಸ್ಟ್ 29, ಗುರುವಾರ

ದೀಪ ಬರೆದೆ. ಹರಿದೆ. ದೋಣಿ ಬರೆದೆ. ಹಾರುವ ಹಕ್ಕಿ, ಉದುರುವ ಎಲೆ, ತೆರೆದ ಕಿಟಕಿ. ಒಂದೊಂದೂ ಸಂತಾಪದ ಕಾರ್ಡಿನಿಂದ ಎದ್ದು ಬಂದ ಹಾಗಿದೆ. ಅಪ್ಪ ಹೋದ ದಿನ ನಾನು ಅಂಥ ಒಂದು ಗೋಡೆಯ ಮುಂದೆ ನಿಂತಿದ್ದೆ. ಅಲ್ಲಿ ಯಾರಾದರೂ ಹಾರುವ ಹಕ್ಕಿ ಬರೆದಿಟ್ಟಿದ್ದರೆ ಕಲ್ಲು ತೆಗೆದುಕೊಂಡು ಹೊಡೆಯುತ್ತಿದ್ದೆ.

ಅಣ್ಣ ಯಾವುದನ್ನೂ ತಿದ್ದಲಿಲ್ಲ. ಪ್ರತಿಯೊಂದಕ್ಕೂ ಒಂದೇ ಮಾತು: ಬೇಡ.

ಸೆಪ್ಟೆಂಬರ್ 5, ಗುರುವಾರ

ಇವತ್ತು ಅವನನ್ನು ಆ ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಇಳಿಜಾರು ದಾರಿ, ನಿಧಾನಕ್ಕೆ ನಡೆದೆವು. ಖಾಲಿ ಗೋಡೆಯ ಮುಂದೆ ಕೋಲೂರಿ ಬಹಳ ಹೊತ್ತು ನಿಂತ. ಅವನ ಬಲಗಾಲು ಸಣ್ಣಗೆ ನಡುಗತೊಡಗಿತು. ನಾನು ಸೀಮೆಸುಣ್ಣ ಕೊಟ್ಟೆ. ಗೋಡೆಯ ಕೆಳಭಾಗದಲ್ಲಿ, ಮೊಣಕಾಲಿನ ಎತ್ತರಕ್ಕೆ ಒಂದು ಉದ್ದ ಗೆರೆ ಎಳೆದ, ಅದಕ್ಕೆ ಕಾಲು, ಹಿಂದೆ ಒರಗು. ಬೆಂಚು.

ಖಾಲಿ ಬೆಂಚು. ಒಳ್ಳೆಯ ಚಿತ್ರ ಅನ್ನಿಸಿತು. ಹೋದವರು ಬಿಟ್ಟುಹೋದ ಜಾಗ ಎಂದು ಹೇಳಬಹುದು. ಬಣ್ಣ ಯಾವುದಿರಲಿ, ಬೂದೋ ಕಂದೋ ಎಂದು ಕೇಳಿದೆ. ಬೇಡ ಅಂದ. ಇನ್ನೂ ದೊಡ್ಡದಾಗಿರಲಾ ಅಂದೆ. ಬೇಡ. ನಾನು ಅರ್ಥ, ಸಂಕೇತ ಎಂದು ಏನೇನೋ ಮಾತಾಡುತ್ತಲೇ ಇದ್ದೆ. ಅಣ್ಣನಿಗೆ ಸಿಟ್ಟು ಬಂತು. ಕೋಲಿನಿಂದ ಗೋಡೆಗೆ ಎರಡು ಸಲ ಕುಟ್ಟಿದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ತಾನೇ ಬರೆದ ಬೆಂಚಿನ ಮೇಲೆ ಕೂರಲು ಬಗ್ಗಿದ. ನಾನು ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದ. ನನ್ನ ತೋಳಿಗೆ ಜೋತುಬಿದ್ದುಕೊಂಡೇ ನಡುಗುವ ಕಾಲನ್ನು ತಟ್ಟಿ ತೋರಿಸಿದ.

ಆಗ ಹೊಳೆಯಿತು. ಅವನು ಬೆಂಚಿನ ಚಿತ್ರ ಕೇಳುತ್ತಿರಲಿಲ್ಲ. ಬೆಂಚು ಕೇಳುತ್ತಿದ್ದ.

ಸೆಪ್ಟೆಂಬರ್ 24, ಮಂಗಳವಾರ

ಸಮಿತಿಗೆ ಕೊಟ್ಟ ಕೊನೆಯ ವರದಿಯಲ್ಲಿ ಆ ಗೋಡೆಯ ಹೆಸರಿನ ಮುಂದೆ ನಾವು ಬರೆದದ್ದು ಇಷ್ಟೆ: ಚಿತ್ರವಿಲ್ಲ. ಮರದ ಬೆಂಚು, ಒರಗು ಇರುವಂಥದು, ಆರು ಜನ ಕೂರುವಷ್ಟು. ನಿರ್ದೇಶಕರು ಎರಡು ಸಲ ಓದಿ ಸಹಿ ಹಾಕಿದರು. ಹೊಸ ಕಟ್ಟಡ ತೆರೆಯಲು ಇನ್ನೂ ಐದು ತಿಂಗಳಿದೆ, ಹಳೆಯದಕ್ಕೂ ಒಂದು ಬೇಕಲ್ಲ ಅಂದೆ. ಬಡಗಿ ಎರಡು ಮಾಡಿಕೊಟ್ಟರು.

ಇವತ್ತು ಮಧ್ಯಾಹ್ನ, ಇಳಿಜಾರಿನ ಕೆಳಗಿರುವ ಹಳೆ ಶವಾಗಾರದ ಎದುರಿಗೆ ಒಂದನ್ನು ಇಡಿಸಿದೆವು. ಅಲುಗಾಡದಂತೆ ಕಾಲಿನ ಕೆಳಗೆ ರಬ್ಬರ್ ಕೊಟ್ಟು, ನಾನು, ಅತ್ತಿಗೆ, ಅಟೆಂಡರ್ ಮೂವರೂ ಕೂತು ನೋಡಿದೆವು, ಅಣ್ಣ ಕೋಲೂರಿಕೊಂಡು ಪಕ್ಕದಲ್ಲಿ ನಿಂತಿದ್ದ. ಹೊರಡಬೇಕು ಅನ್ನುವಾಗ ಒಬ್ಬರು ಬಂದರು. ಅರವತ್ತು ದಾಟಿದವರು, ಕಂಕುಳಲ್ಲಿ ಹೆಂಗಸರ ಚಪ್ಪಲಿ ಸುತ್ತಿದ ಒಂದು ಟವೆಲು. ಕಿಟಕಿಯಲ್ಲಿ ಕಾಗದ ಕೊಟ್ಟು ಗೋಡೆಯ ಕಡೆಗೆ ತಿರುಗಿ ನಿಂತರು. ಬೆಂಚು ಅವರಿಗೆ ಕಾಣಲಿಲ್ಲವೋ, ತಮಗಲ್ಲ ಅಂದುಕೊಂಡರೋ. ನಾನು ಏನು ಹೇಳಿದ್ದರೂ ಅದು ಬರೀ ಮಾತೇ ಆಗುತ್ತಿತ್ತು.

ಅಣ್ಣ ಹೋಗಿ ಬೆಂಚಿನ ಒಂದು ತುದಿಯಲ್ಲಿ ಕೂತ. ಕೋಲನ್ನು ಪಕ್ಕಕ್ಕೊರಗಿಸಿ, ಎಡಗೈಯಿಂದ ಹಲಗೆಯನ್ನು ಮೆಲ್ಲಗೆ ತಟ್ಟಿದ. ಅವರು ತಿರುಗಿ ನೋಡಿದರು. ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಮಾತಾಡತೊಡಗಿದರು. ಕೇಳಿಸುವಷ್ಟು ಹತ್ತಿರದಲ್ಲಿ ನಾವಿರಲಿಲ್ಲ. ಅಣ್ಣ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದ. ಟವೆಲಿನ ಗಂಟನ್ನು ಅವರು ತೊಡೆಯಿಂದ ಎತ್ತಿ ಇಬ್ಬರ ನಡುವೆ ಇಟ್ಟರು.

ಮೇಲೆ ಬಸ್ಸಿನ ಹಾರ್ನ್ ಕೇಳಿಸಿತು. ನಾಲ್ಕೂವರೆಯದು. ಅತ್ತಿಗೆ ಅಣ್ಣನನ್ನು ಕರೆಯಲು ಹೊರಟರು, ನಾನು ಅವರ ಕೈ ಹಿಡಿದೆ.

"ಹೋಗ್ಲಿ ಬಿಡಿ ಅತ್ತಿಗೆ. ಇನ್ನೊಂದು ಬರುತ್ತೆ."

ಇಬ್ಬರೂ ಇಳಿಜಾರಿನ ಕಟ್ಟೆಯ ಮೇಲೆ ಕೂತೆವು. ಮೂವರೂ ಆರು ಗಂಟೆಯ ಬಸ್ಸಿಗೆ ಮನೆಗೆ ಬಂದೆವು.